ಬಂಗಾರಕ್ಕೆ ತಾಗಿಸಬೇಡಿ

ಮೊನ್ನೆ ಅತ್ತಿಗೆ ಪುಟ್ಟದೊಂದು ಕ್ರೀಮ್ ಡಬ್ಬಿ ಕೈಗಿಟ್ಟರು. "ಹದಿನೈದೇ ದಿನ ಕಣೋ, ಮುಖ ಎಷ್ಟು ತಿಳಿಯಾಗಿದೆ ನೋಡು." ಡಬ್ಬಿಯ ಮೇಲೆ ತಯಾರಕರ ವಿಳಾಸವಿಲ್ಲ, ಬ್ಯಾಚ್ ನಂಬರಿಲ್ಲ, ಲೈಸೆನ್ಸ್ ನಂಬರೂ ಇಲ್ಲ. ತಳದಲ್ಲಿ ಮಾತ್ರ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಎಚ್ಚರಿಕೆ: ಚಿನ್ನ, ಬೆಳ್ಳಿ, ಅಲ್ಯೂಮಿನಿಯಂಗೆ ತಾಗಿಸಬೇಡಿ.

ಮುಖಕ್ಕೆ ಹಚ್ಚುವ ಕ್ರೀಮಿಗೆ ಬಂಗಾರದ ಭಯವೇಕೆ? ಪಾದರಸ ಇದ್ದರೆ ಹಾಗೆ. ಚಿನ್ನ ಕಂಡರೆ ಅದು ಬಿಡುವುದಿಲ್ಲ. ಕೋಲಾರದ ಗಣಿಯಲ್ಲಿ ಅರೆದ ಅದಿರನ್ನು ಪಾದರಸ ಬಳಿದ ತಗಡಿನ ಮೇಲೆ ಹರಿಸಿ ಚಿನ್ನ ಹಿಡಿಯುತ್ತಿದ್ದುದು ಈ ಮೋಹ ನಂಬಿಕೊಂಡೇ.

"ಆದರೆ ಕೆಲಸ ಮಾಡುತ್ತಲ್ಲ!" ಮಾಡುತ್ತದೆ, ತೊಂದರೆಯೇ ಅದು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗಲು ಟೈರೋಸಿನೇಸ್ ಎಂಬ ಕಿಣ್ವ ಬೇಕು. ಪಾದರಸ ಅದನ್ನು ಕೆಡಿಸುತ್ತದೆ. ಬೀಗದೊಳಗೆ ಕಡ್ಡಿ ಮುರಿದಿಟ್ಟ ಹಾಗೆ. ಕಡ್ಡಿಗೆ ಇದು ಯಾರ ಮನೆಯ ಬೀಗ ಎಂದು ಗೊತ್ತಾಗುವುದಿಲ್ಲ. ಪಾದರಸಕ್ಕೆ ಚಿನ್ನಕ್ಕಿಂತ ಹಳೆಯ ನಂಟು ಗಂಧಕದ್ದು. ಭೂಮಿಯೊಳಗೆ ಅವೆರಡೂ ಸೇರಿಯೇ ಇಂಗಲಿಕ ಎಂಬ ಕೆಂಪು ಅದಿರಾಗಿ ಸಿಗುತ್ತವೆ. ನಮ್ಮ ಪ್ರೋಟೀನುಗಳಲ್ಲೂ ಅಲ್ಲಲ್ಲಿ ಗಂಧಕವಿದೆ, ರವಿಕೆಗೆ ಹುಕ್ ಇದ್ದಂತೆ. ಪಾದರಸ ಒಂದೊಂದೇ ಹುಕ್ಕಿಗೆ ನೇತುಬೀಳುತ್ತದೆ. ರವಿಕೆ ಹರಿಯುವುದಿಲ್ಲ, ಆದರೆ ತೊಡಲು ಬರುವುದಿಲ್ಲ. ಚರ್ಮದಿಂದ ಇಳಿದು ರಕ್ತ ಸೇರಿದ್ದು ಕೊನೆಗೆ ಹೆಚ್ಚಾಗಿ ಬೀಡು ಬಿಡುವುದು ಮೂತ್ರಪಿಂಡದಲ್ಲಿ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ವೈದ್ಯರು ಗಮನಿಸಿದ್ದು ಇದನ್ನೇ: ಕಾಲು ಬಾತ, ಮೂತ್ರದಲ್ಲಿ ನೊರೆ, ಸೋಸುಪದರದಿಂದ ಪ್ರೋಟೀನ್ ಸೋರಿಕೆ. ವಿಚಾರಿಸಿದರೆ ಹಲವರು ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದರು. 2023ರಲ್ಲಿ ಕೇರಳದ ಡ್ರಗ್ಸ್ ಕಂಟ್ರೋಲ್ ಇಲಾಖೆ 'ಆಪರೇಷನ್ ಸೌಂದರ್ಯ' ಎಂದು ಹೆಸರಿಟ್ಟು ಅಂಗಡಿಗಳ ಮೇಲೆ ದಾಳಿಗಿಳಿಯಿತು.

ಕಾನೂನು ಹುಟ್ಟುವುದೂ ಹೀಗೆ ಯಾರಾದರೂ ನರಳಿದ ಮೇಲೆಯೇ. ಅಮೆರಿಕದಲ್ಲಿ 1933ರ ಸುಮಾರಿಗೆ 'ಲ್ಯಾಶ್ ಲೂರ್' ಎಂಬ ರೆಪ್ಪೆಯ ಬಣ್ಣ ಹೆಂಗಸರ ಕಣ್ಣು ತೆಗೆಯಿತು. ಅಲ್ಲಿನ 1906ರ ಆಹಾರ ಮತ್ತು ಔಷಧ ಕಾಯ್ದೆಯಲ್ಲಿ ಸೌಂದರ್ಯವರ್ಧಕಗಳ ಮಾತೇ ಇರಲಿಲ್ಲವಾದ್ದರಿಂದ ಸರ್ಕಾರ ಕೈಕಟ್ಟಿ ಕೂತಿತ್ತು. ಹೊಸ ಕಾಯ್ದೆ ಬಂದದ್ದು 1938ರಲ್ಲಿ. ನಿಮ್ಮ ಮನೆಯ ಹೇರ್ ಡೈ ಪೊಟ್ಟಣ ತಿರುಗಿಸಿ ನೋಡಿ: ಹುಬ್ಬು, ರೆಪ್ಪೆಗೆ ಹಚ್ಚಿದರೆ ಕುರುಡಾಗಬಹುದು ಎಂದಿರುತ್ತದೆ. ರೆಪ್ಪೆಯ ಬಣ್ಣದಲ್ಲಿದ್ದ ಪಿಪಿಡಿ ಎಂಬ ರಾಸಾಯನಿಕ ಈಗಲೂ ತಲೆಗೂದಲಿನ ಡೈಯಲ್ಲಿದೆ.

ನಮ್ಮದು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ. ಅದರಡಿ ಬಂದ 2020ರ ನಿಯಮಗಳ ಪ್ರಕಾರ ಕ್ರೀಮಿಗೆ ಬೇಕೆಂದೇ ಪಾದರಸ ಬೆರೆಸುವಂತಿಲ್ಲ. ತಾನಾಗಿ ಸೇರಿಕೊಂಡಿದ್ದರೂ 1 ಪಿಪಿಎಂ ದಾಟಬಾರದು, ಅಂದರೆ ಕಿಲೋ ಕ್ರೀಮಿಗೆ 1 ಮಿಲಿಗ್ರಾಂ. ಕಣ್ಣಿನ ಸುತ್ತ ಹಚ್ಚುವುದಕ್ಕೆ ಮಾತ್ರ, ಕೆಡದಂತೆ ಇಡಲು, 70 ಪಿಪಿಎಂವರೆಗೆ ರಿಯಾಯಿತಿ. (ಎಲ್ಲ ಬಿಟ್ಟು ಕಣ್ಣಿನ ಹತ್ತಿರವೇ ರಿಯಾಯಿತಿ ಯಾಕೋ!) ಕದ್ದು ಮಾರುವ ಡಬ್ಬಿಗಳನ್ನು ಪ್ರಯೋಗಾಲಯಕ್ಕೆ ಕಳಿಸಿದಾಗ ಸಾವಿರಾರು ಪಿಪಿಎಂ ಸಿಕ್ಕಿದ್ದಿದೆ.

ನಿಯಮ ಬಿಗಿಯಾಗಿಯೇ ಇದೆ. ತಯಾರಿಸಲು ಲೈಸೆನ್ಸ್ ಬೇಕು, ಆಮದಿಗೆ ನೋಂದಣಿ ಬೇಕು. ಮಾರಲು? ಮೆಡಿಕಲ್ ಶಾಪಿಗೆ ಬೇಕಾದಂಥ ಲೈಸೆನ್ಸ್ ಫ್ಯಾನ್ಸಿ ಸ್ಟೋರಿಗೆ ಬೇಕಿಲ್ಲ. ಹಾಗಾಗಿ ಇನ್‌ಸ್ಪೆಕ್ಟರ್ ಬಂದರೂ ಮಾಲು ಎಲ್ಲಿಂದ ಬಂತೆಂದು ಹುಡುಕಲು ಹಿಡಿಯಬೇಕಾದ ದಾರ ಒಂದೇ, ಬಿಲ್ಲು.

ಅತ್ತಿಗೆ ಕೊಂಡ ಅಂಗಡಿಗೆ ಹೋಗಿ ಅದನ್ನೇ ಕೇಳಿದೆ. ಅಂಗಡಿಯವರು ಡಬ್ಬಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಇದಕ್ಕೆಲ್ಲ ಬಿಲ್ ಬರಲ್ಲ ಸಾರ್, ಬೇಕಾದ್ರೆ ಬೇರೆ ಕ್ರೀಮ್ ತಗೊಳ್ಳಿ" ಎಂದರು.