ಹೊಸ ಬಟ್ಟೆಗೆ ಬೆಳೆದ ಯಂತ್ರ, ಹಳೆ ಸೀರೆಯ ಕೌದಿ

ಕ್ವಿಲ್ಟ್, ಅಂದರೆ ಬಟ್ಟೆಯ ತುಂಡು ಜೋಡಿಸಿ ಪದರ ಪದರವಾಗಿ ಹೊಲಿದ ಹೊದಿಕೆ. ಅದನ್ನು ಹೊಲಿಯುವವರ ನಡುವೆ ಈಗೊಂದು ವಾದ ನಡೆಯುತ್ತಿದೆ. ಎಐ ವಿನ್ಯಾಸ ಕೊಟ್ಟು, ಕಂಪ್ಯೂಟರ್ ನಡೆಸುವ ಯಂತ್ರ ಹೊಲಿದರೆ ಆ ಕ್ವಿಲ್ಟ್ ಯಾರದು? ಪ್ರಶ್ನೆ ಹೊಸದೇನಲ್ಲ. ಉಪಕರಣ ಬದಲಾದಾಗಲೆಲ್ಲ ಇದು ಎದ್ದಿದೆ.

ಎಲಿಯಾಸ್ ಹೋವ್ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1846ರಲ್ಲಿ. ಆಮೇಲೆ ನೂರು ವರ್ಷಕ್ಕೂ ಜಾಸ್ತಿ ಕಾಲ ಅಮೆರಿಕದ ಹೆಂಗಸರು ಬಟ್ಟೆಯ ತುಂಡುಗಳನ್ನು ಯಂತ್ರದಲ್ಲಿ ಜೋಡಿಸಿದರೂ, ಮೇಲಿನ ಮುಖ, ನಡುವಿನ ಹತ್ತಿ, ಕೆಳಗಿನ ಬಟ್ಟೆ ಮೂರನ್ನೂ ಸೇರಿಸುವ ಹೊಲಿಗೆಯನ್ನು ಹೆಚ್ಚಾಗಿ ಕೈಯಲ್ಲೇ ಹಾಕಿದರು.

ನಿಜವಾದ ತಿರುವು 1979ರದ್ದು. ಆ ವರ್ಷ ಜಪಾನಿನ ಓಲ್ಫಾ ಕಂಪನಿ ದುಂಡನೆಯ ಅಲಗು ಉರುಳುವ ಕಟರ್ ತಂದಿತು. ಅದು ಬಂದದ್ದು ಉಡುಪು ಕತ್ತರಿಸುವವರಿಗಾಗಿ. ಅದನ್ನು ತಮ್ಮದಾಗಿಸಿಕೊಂಡವರು ಕ್ವಿಲ್ಟ್ ಹೊಲಿಯುವವರು. ಅಲ್ಲಿಯವರೆಗೆ ರಟ್ಟಿನ ಅಚ್ಚಿಟ್ಟು, ಪೆನ್ಸಿಲಿನಿಂದ ಗೆರೆ ಎಳೆದು, ಒಂದೊಂದೇ ತುಂಡನ್ನು ಕತ್ತರಿಯಲ್ಲಿ ಕತ್ತರಿಸಬೇಕಿತ್ತು. ಈಗ ನಾಲ್ಕಾರು ಪದರ ಬಟ್ಟೆಯ ಮೇಲೆ ಪಾರದರ್ಶಕ ಸ್ಕೇಲ್ ಇಟ್ಟು ಒಮ್ಮೆ ಎಳೆದರೆ ಪಟ್ಟಿಗಳು ಸಿದ್ಧ. ಆ ಪಟ್ಟಿಗಳನ್ನು ಉದ್ದಕ್ಕೆ ಹೊಲಿದು, ಅಡ್ಡಕ್ಕೆ ಕತ್ತರಿಸಿದರೆ ಚೌಕಗಳು ಜೋಡಿಯಾಗಿಯೇ ಸಿಗುತ್ತವೆ. ಒಂದು ಚಿಕ್ಕ ಅಲಗು ಇಡೀ ವಿಧಾನವನ್ನೇ ಬದಲಿಸಿತು.

ಜಗಳ ಜೋರಾದದ್ದು 1989ರಲ್ಲಿ. ಅಮೆರಿಕದ ಕೆಂಟಕಿ ರಾಜ್ಯದ ಪಡೂಕಾ ಊರಿನ ದೊಡ್ಡ ಕ್ವಿಲ್ಟ್ ಪ್ರದರ್ಶನದಲ್ಲಿ ಕ್ಯಾರಿಲ್ ಬ್ರೈಯರ್ ಫಾಲರ್ಟ್ ಅವರ ಯಂತ್ರದಲ್ಲಿ ಹೊಲಿದ ಕ್ವಿಲ್ಟ್ ಪ್ರದರ್ಶನದ ಅತಿ ದೊಡ್ಡ ಬಹುಮಾನ ಗೆದ್ದಿತು. ಕೈಹೊಲಿಗೆಯೇ ನಿಜವಾದ ಹೊಲಿಗೆ ಅಂತ ನಂಬಿದ್ದ ಅನೇಕರಿಗೆ ಬೇಸರವಾಯಿತು. ಈಗ ಅಂಥ ಪ್ರದರ್ಶನಗಳಲ್ಲಿ ಕೈಹೊಲಿಗೆಗೆ, ಮನೆಯ ಯಂತ್ರಕ್ಕೆ, ಚೌಕಟ್ಟಿನ ಯಂತ್ರಕ್ಕೆ ಬೇರೆ ಬೇರೆ ವಿಭಾಗಗಳಿವೆ. ಎಐಗೂ ಹೀಗೊಂದು ವಿಭಾಗ ಬರಬಹುದು. ಯಾವುದನ್ನು ಯಾರು ಮಾಡಿದರು ಅಂತ ತಿಳಿಸಿದರೆ ವಾದದ ಅರ್ಧ ಭಾಗ ಮುಗಿದಂತೆ.

ಲಾಂಗ್‌ಆರ್ಮ್ ಎಂಬ ಚೌಕಟ್ಟಿನ ಯಂತ್ರದಲ್ಲಿ ಬಟ್ಟೆ ಚೌಕಟ್ಟಿನ ಕೋಲುಗಳಿಗೆ ಸುತ್ತಿಕೊಂಡು ಅಲುಗದೆ ನಿಂತಿರುತ್ತದೆ, ಸೂಜಿ ಇರುವ ತಲೆಯೇ ಅದರ ಮೇಲೆ ಓಡಾಡುತ್ತದೆ. ಕೈ ಬೇಗ ಚಲಿಸಿದರೆ ಸೂಜಿಯೂ ಬೇಗ ಕುಣಿದು ಹೊಲಿಗೆಯ ಅಳತೆ ಒಂದೇ ಸಮ ಇರುವಂತೆ ಸೆನ್ಸರ್ ನೋಡಿಕೊಳ್ಳುತ್ತದೆ. ಕಂಪ್ಯೂಟರ್ ಸೇರಿಸಿದರೆ ಕೈಯೂ ಬೇಡ. ಮುಂದೆ ಕ್ಯಾಮೆರಾ ಬಟ್ಟೆಯನ್ನು ನೋಡಿ, ಸೊಟ್ಟಗಿರುವ ಚೌಕಕ್ಕೂ ಚಿತ್ತಾರವನ್ನು ಹೊಂದಿಸಿ ಹೊಲಿಯುವುದು ಸಾಮಾನ್ಯವಾಗಬಹುದು.

ಆದರೆ ಈ ಉಪಕರಣಗಳು ಬಹುಪಾಲು ಬೆಳೆದಿರುವುದು ಅಂಗಡಿಯಿಂದ ತಂದ, ಒಂದೇ ದಪ್ಪದ ಹೊಸ ಹತ್ತಿ ಬಟ್ಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ನಮ್ಮ ಉತ್ತರ ಕರ್ನಾಟಕದ ಕೌದಿಯ ದಾರಿ ಬೇರೆ. ಉಟ್ಟು ಸವೆದ ಸೀರೆ, ಧೋತರ, ಮಕ್ಕಳ ಅಂಗಿ ಎಲ್ಲ ಅದರಲ್ಲಿ ಸೇರುತ್ತವೆ. ಒಂದು ಕಡೆ ಎರಡು ಪದರ, ಪಕ್ಕದಲ್ಲೇ ಐದು.

ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕೌದಿಯಲ್ಲಿ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ. ಅವರು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ತುಂಡಿನ ಅಂಚನ್ನು ಬೆರಳಲ್ಲೇ ಮಡಚಿ, ಕೆಳಗಿನ ಸೀರೆಗೆ ನೇರವಾಗಿ ಹೊಲಿಯುತ್ತಾರೆ. ಅಮೆರಿಕದ ಕ್ರಮದಲ್ಲಿ ಮೊದಲು ಮುಖ ಸಿದ್ಧವಾಗಬೇಕು, ಪದರ ಸೇರಿಸುವುದು ಆಮೇಲೆ. ಇಲ್ಲಿ ಜೋಡಿಸುವುದೂ ಪದರ ಸೇರಿಸುವುದೂ ಒಂದೇ ಕೆಲಸ. ಹಾಗಾಗಿ ಲಕ್ಷಗಟ್ಟಲೆ ಬೆಲೆಯ ಚೌಕಟ್ಟಿನ ಯಂತ್ರ ಅವರಿಗೆ ಸಿಕ್ಕರೂ, ಆ ಯಂತ್ರ ಮಾಡುವ ಕೆಲಸವೇ ಅವರ ಕ್ರಮದಲ್ಲಿ ಬೇರೆಯಾಗಿ ಇಲ್ಲ.

ಬಟ್ಟೆಯೂ ಬದಲಾಗಿದೆ. ಮನೆಯಲ್ಲಿ ಹತ್ತಿ ಸೀರೆ ಕಡಿಮೆಯಾಗಿ ಪಾಲಿಯೆಸ್ಟರ್ ಜಾಸ್ತಿಯಾಗಿದೆ. ಅದು ಜಾರುತ್ತದೆ, ಬೆವರು ಹೀರುವುದಿಲ್ಲ. ಕೂಸಿನ ಕೆಳಗೆ ಹಾಸಲು ಅಜ್ಜಿಯ ಹತ್ತಿ ಸೀರೆಯಷ್ಟು ಹಿತವಲ್ಲ, ಅಲ್ವಾ? ಅತ್ತ ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ 2025ರಿಂದ ಹಳೆ ಬಟ್ಟೆಯನ್ನು ಬೇರೆಯಾಗಿ ಸಂಗ್ರಹಿಸುವುದು ಕಡ್ಡಾಯವಾಗಿದೆ. ಅದನ್ನೆಲ್ಲ ಮತ್ತೆ ಬಳಸಬೇಕಾದರೆ ಹಳೆ ಬಟ್ಟೆಗೆ ಒಗ್ಗುವ ಉಪಕರಣ ಅಲ್ಲಿಯೂ ಬೇಕಾಗುತ್ತದೆ.

ಬಟ್ಟೆಯ ದಪ್ಪ ಗುರುತಿಸುವ ಸೆನ್ಸರ್ ಕೆಲವು ಹೊಲಿಗೆ ಯಂತ್ರಗಳಲ್ಲಿ ಈಗಾಗಲೇ ಇದೆ. ಅದನ್ನೇ ಅಗ್ಗದ, ನೆಲದ ಮೇಲೆ ಕೂತು ಬಳಸುವ ಚಿಕ್ಕ ಯಂತ್ರಕ್ಕೆ ತರಬಹುದು. ಹತ್ತಿ ಯಾವುದು, ಪಾಲಿಯೆಸ್ಟರ್ ಯಾವುದು ಅಂತ ಹೇಳುವ ಸ್ಕ್ಯಾನರ್ ಬಟ್ಟೆ ವಿಂಗಡಿಸುವ ಕಾರ್ಖಾನೆಗಳಲ್ಲಿದೆ. ಅದು ಕೈಗೆಟುಕುವ ಬೆಲೆಗೆ ಬಂದರೆ ಕೌದಿ ಹೊಲಿಯುವವರಿಗೂ ಉಪಯೋಗ. ಕೈಹೊಲಿಗೆಯೇ ಬೇಕೆನ್ನುವವರಿಗೆ ಐದು ಪದರ ದಾಟಿಸುವಾಗ ಬೆರಳು ನೋಯದಂಥ ಸೂಜಿ, ಕಣ್ಣಿಗೆ ಆಯಾಸವಾಗದ ದೀಪ ಮೊದಲು ಸಿಗಲಿ. ಇವುಗಳ ವಿನ್ಯಾಸಕ್ಕೆ ಕೂರುವಾಗ ಕೌದಿ ಹೊಲಿಯುವ ಹೆಂಗಸರನ್ನು ಸಂಬಳ ಕೊಟ್ಟು ಕರೆಯಬೇಕು, ಮಾದರಿ ಸಿದ್ಧವಾದ ಮೇಲೆ ತೋರಿಸುವುದಕ್ಕಲ್ಲ, ಮೊದಲ ದಿನದಿಂದಲೇ.