ಬಾಯಾರದ ಕುದುರೆ

ದಣಿದ ಕುದುರೆ ತಾನಾಗಿಯೇ ನಿಲ್ಲುತ್ತದೆ, ಬಾಯಾರಿದರೆ ತಾನಾಗಿಯೇ ನೀರು ಕುಡಿಯುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಅದಕ್ಕಾಗಿ ಕುದುರೆಗಳು ತೆತ್ತ ಬೆಲೆಯೂ ದೊಡ್ಡದು. 1892ರಲ್ಲಿ ಜರ್ಮನಿ ಮತ್ತು ಆಸ್ಟ್ರಿಯಾ-ಹಂಗರಿಯ ಸೇನಾಧಿಕಾರಿಗಳು ಬರ್ಲಿನ್ ಹಾಗೂ ವಿಯೆನ್ನಾ ನಡುವಿನ ಸುಮಾರು 580 ಕಿ.ಮೀ. ದಾರಿಯಲ್ಲಿ ಪೈಪೋಟಿಗಿಳಿದಾಗ, ಗೆದ್ದ ಕೌಂಟ್ ಸ್ಟಾರ್‌ಹೆಂಬರ್ಗನ ಕುದುರೆಯೂ ಸೇರಿ ಹಲವು ಕುದುರೆಗಳು ಸತ್ತವು.

ಇಂದಿನ ಎಂಡ್ಯೂರೆನ್ಸ್ ಸವಾರಿಯಲ್ಲಿ, ಅಂದರೆ ಬಹುದೂರದ ಕುದುರೆ ಸವಾರಿ ಸ್ಪರ್ಧೆಯಲ್ಲಿ, ಕೊನೆಯ ಮಾತು ಪಶುವೈದ್ಯರದು. 1955ರಲ್ಲಿ ವೆಂಡೆಲ್ ರೋಬಿ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದ, 24 ಗಂಟೆಯಲ್ಲಿ 100 ಮೈಲಿ ಕ್ರಮಿಸಬೇಕಾದ ಟೆವಿಸ್ ಕಪ್‌ನಲ್ಲಿ ಸಾಮಾನ್ಯವಾಗಿ ಹೊರಟವರಲ್ಲಿ ಅರ್ಧದಷ್ಟು ಮಂದಿ ಮಾತ್ರ ಮುಗಿಸುತ್ತಾರೆ; ಗೆರೆ ದಾಟಿದ ಮೇಲೂ ಕುದುರೆ ತಪಾಸಣೆಯಲ್ಲಿ ಪಾಸಾಗದಿದ್ದರೆ ಅಷ್ಟು ದೂರದ ಸವಾರಿಯೂ ಲೆಕ್ಕಕ್ಕಿಲ್ಲ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ದಾರಿ ನಡುವೆ ಕುದುರೆಯನ್ನು ನಿಲ್ಲಿಸಿ ಪರೀಕ್ಷಿಸುವ ತಪಾಸಣಾ ದ್ವಾರಗಳಲ್ಲಿ ಕುದುರೆಯ ನಾಡಿ ಸಾಮಾನ್ಯವಾಗಿ 15 ನಿಮಿಷದೊಳಗೆ ನಿಮಿಷಕ್ಕೆ 64ಕ್ಕೆ ಇಳಿಯಬೇಕು. ಅದಕ್ಕಾಗಿಯೇ ಸಹಾಯಕರು ಬಕೆಟ್‌ಗಟ್ಟಲೆ ತಣ್ಣೀರು ಸುರಿಯುತ್ತಾರೆ. ಕಾದ ಮೈಗೆ ತಣ್ಣೀರು ಬಿದ್ದರೆ ಸ್ನಾಯು ಸೆಟೆದುಕೊಳ್ಳುತ್ತದೆ ಎಂದು ಈಗಲೂ ಹೆದರಿಸುವವರಿದ್ದಾರೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮುನ್ನ ನಡೆದ ಸಂಶೋಧನೆಗಳು ಆ ಭಯಕ್ಕೆ ಬುಡವಿಲ್ಲವೆಂದು ತೋರಿಸಿ ಇಷ್ಟು ವರ್ಷವಾದರೂ ಅದು ಹೋಗಿಲ್ಲ.

ನಾಡಿ ಇಳಿದರೆ ಮುಗಿಯಿತೇ? ಇಲ್ಲ. ಇಲ್ಲಿ ಕುದುರೆಯ ಬೆವರಿನ ವಿಚಾರ ಬರುತ್ತದೆ. ಒಲೆಯ ಮೇಲಿನ ಸಾರು ಕುದಿದು ಬತ್ತಿದರೆ ನೀರು ಆವಿಯಾಗಿ ಉಪ್ಪು ಉಳಿಯುತ್ತದೆ, ರುಚಿ ನೋಡಿದೊಡನೆ ಗೊತ್ತಾಗುತ್ತದೆ. ಮನುಷ್ಯನ ಬೆವರು ಹೀಗೆ: ಅದರಲ್ಲಿ ಉಪ್ಪು ರಕ್ತಕ್ಕಿಂತ ಕಡಿಮೆ, ಆದ್ದರಿಂದ ಬೆವರಿದಷ್ಟೂ ರಕ್ತ ಉಪ್ಪಾಗುತ್ತದೆ, ಮಿದುಳು ಅದನ್ನು ಗ್ರಹಿಸಿ ಬಾಯಾರಿಕೆ ಹುಟ್ಟಿಸುತ್ತದೆ. ಅದೇ ಸಾರನ್ನು ಸೌಟಿನಿಂದ ತೋಡಿ ಚೆಲ್ಲಿದರೆ ಪಾತ್ರೆ ಅರ್ಧಕ್ಕೆ ಬಂದರೂ ರುಚಿ ಬದಲಾಗುವುದಿಲ್ಲ. ಕುದುರೆಯ ಬೆವರು ಹೀಗೆ. ತಕ್ಕಡಿಯ ಎರಡೂ ತಟ್ಟೆಗಳಿಂದ ಸಮವಾಗಿ ತೆಗೆಯುತ್ತಾ ಹೋದರೆ ಮುಳ್ಳು ಅಲುಗದೆ ನಿಲ್ಲುವಂತೆ, ಗಂಟೆಗೆ 10ರಿಂದ 15 ಲೀಟರ್‌ವರೆಗೂ ಬೆವರಬಲ್ಲ ಈ ಪ್ರಾಣಿಯ ರಕ್ತದಿಂದ ನೀರೂ ಉಪ್ಪೂ ಒಟ್ಟೊಟ್ಟಿಗೆ ಹೊರಟುಹೋಗುವುದರಿಂದ ಮಿದುಳಿಗೆ ಸುದ್ದಿಯೇ ಮುಟ್ಟುವುದಿಲ್ಲ. ಒಣಗುತ್ತಿರುವ ಕುದುರೆ ನೀರಿನ ತೊಟ್ಟಿಯನ್ನು ಮೂಸಿ ನೋಡಿ ಮುಖ ತಿರುಗಿಸುತ್ತದೆ. ಅದನ್ನು ಹಟವೆಂದು ತಿಳಿಯುವ ಸವಾರ ಅದರ ಮೂಕತನಕ್ಕೆ ಮೋಸಹೋಗುತ್ತಾನೆ.

ಹಾಗಾಗಿ ವೈದ್ಯರು ಕುದುರೆಯನ್ನು ಬೇರೆ ದಾರಿಗಳಿಂದ ವಿಚಾರಿಸುತ್ತಾರೆ. ತುಟಿ ಎತ್ತಿ ವಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಡುತ್ತಾರೆ. ಬಿಳಚಿದ ಜಾಗ ಸುಮಾರು ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪೇರಬೇಕು. ಚರ್ಮವನ್ನು ಚಿವುಟಿ ಎತ್ತಿದರೆ ಅದು ಥಟ್ಟನೆ ಸಮವಾಗಬೇಕು. ಪಕ್ಕೆಯ ಮೇಲೆ ಸ್ಟೆತಸ್ಕೋಪ್ ಇಟ್ಟಾಗ ಕರುಳು ಗುಡುಗುಡಿಸಬೇಕು, ಏಕೆಂದರೆ ರಕ್ತವೆಲ್ಲ ಸ್ನಾಯುವಿಗೂ ಚರ್ಮಕ್ಕೂ ಹರಿದು ಕರುಳಿಗೆ ಕೊರತೆಯಾದಾಗ ಅಲ್ಲಿ ಮೌನ ಆವರಿಸುತ್ತದೆ, ಆ ಮೌನದ ಬೆನ್ನಿಗೆ ಪ್ರಾಣಾಂತಿಕ ಹೊಟ್ಟೆನೋವು ಬರಬಹುದು. ನನಗೆ ಹೆಚ್ಚು ಇಷ್ಟವಾದದ್ದು ಅಮೆರಿಕದ ಪಶುವೈದ್ಯ ಕೆರ್ರಿ ರಿಡ್ಜ್‌ವೇ ಅವರ ಹೆಸರಿನ ಪರೀಕ್ಷೆ: ನಾಡಿ ಎಣಿಸಿ, ಕುದುರೆಯನ್ನು 125 ಅಡಿ ಹೋಗಿ ಬರುವಂತೆ ಓಡಿಸಿ, ಓಟ ಶುರುವಾದ ಸರಿಯಾಗಿ ಒಂದು ನಿಮಿಷಕ್ಕೆ ಮತ್ತೆ ಎಣಿಸುತ್ತಾರೆ. ಮೊದಲು 60 ಇದ್ದದ್ದು ಈಗ 60 ಅಥವಾ ಅದಕ್ಕಿಂತ ಕಡಿಮೆಯಾದರೆ ಸರಿ. 68 ಆಗಿದ್ದರೆ, ತಣ್ಣೀರು ಸುರಿದು ಇಳಿಸಿದ ಆ ನಾಡಿಯ ಹಿಂದೆ ದಣಿವೋ ನೋವೋ ಅಡಗಿದೆ ಎಂಬ ಅನುಮಾನ ಹುಟ್ಟುತ್ತದೆ.

ಕೆಲವೊಮ್ಮೆ ಪಕ್ಕೆ ಬಿಕ್ಕಳಿಕೆಯಂತೆ ಅದುರುತ್ತಿರುತ್ತದೆ. ವೈದ್ಯರು ಒಂದು ಕೈಯನ್ನು ಪಕ್ಕೆಯ ಮೇಲಿಟ್ಟು ಎದೆಬಡಿತ ಕೇಳಿದರೆ ಎರಡೂ ಒಂದೇ ತಾಳದಲ್ಲಿರುತ್ತವೆ. ಬೆವರಿನಲ್ಲಿ ಲವಣಗಳು ಸೋರಿ ರಕ್ತದ ಕ್ಯಾಲ್ಸಿಯಂ ತಗ್ಗಿದಾಗ, ಹೃದಯದ ಪಕ್ಕದಲ್ಲೇ ಹಾದು ವಪೆಗೆ (ಉಸಿರಾಟ ನಡೆಸುವ ಸ್ನಾಯುವಿಗೆ) ಹೋಗುವ ನರವು ಪ್ರತಿ ಬಡಿತಕ್ಕೂ ಮಿಡಿಯತೊಡಗುತ್ತದೆ. ಅಂಥ ಕುದುರೆಯ ಸ್ಪರ್ಧೆ ಅಲ್ಲಿಗೆ ಮುಗಿಯಿತು. ಉಳಿದ ಕುದುರೆಗಳಿಗೆ ಅನುಭವಿ ಸವಾರರು ದಾರಿಯುದ್ದಕ್ಕೂ ಲವಣ ಕೊಡುತ್ತಾ ಬರುತ್ತಾರೆ. ಬೆವರಿ ಒಣಗಿದ ಕುದುರೆಗೆ ಮೊದಲು ಉಪ್ಪುನೀರು ಕುಡಿಸಿದರೆ, ಆಮೇಲೆ ಮುಂದಿಟ್ಟ ಸಾದಾ ನೀರನ್ನು ಅದು ತಾನಾಗಿಯೇ ಹೆಚ್ಚು ಕುಡಿಯುತ್ತದೆ.