ಸಣ್ಣ ಕಚೇರಿಗೆ ಫೋನು, ಫ್ಯಾಕ್ಸು: ಮೊದಲು ಲೈನಿನ ಲೆಕ್ಕ, ಆಮೇಲೆ ಯಂತ್ರ

ಸಣ್ಣ ಕಚೇರಿಗೆ ದೂರವಾಣಿ ವ್ಯವಸ್ಥೆ ಮಾಡಿಕೊಳ್ಳುವಾಗ ಹೆಚ್ಚಿನವರು ಅಂಗಡಿಗೆ ಹೋಗಿ ಯಂತ್ರದ ಬೆಲೆ ವಿಚಾರಿಸುವುದರಿಂದ ಶುರು ಮಾಡುತ್ತಾರೆ. ಯಂತ್ರಕ್ಕೆ ಹಣ ಕೊಡುವುದು ಒಂದೇ ಸಲ. ಲೈನಿನ ಬಾಡಿಗೆಯನ್ನು ಪ್ರತಿ ತಿಂಗಳೂ ಕಟ್ಟಬೇಕು ಮತ್ತು ಅದರ ಮೇಲೆ ಶೇ 18ರ ಜಿಎಸ್‌ಟಿ ಬೀಳುತ್ತದೆ. ನೋಂದಣಿ ಇರುವ ವ್ಯಾಪಾರಿಗೆ ಆ ತೆರಿಗೆ ಇನ್‌ಪುಟ್ ಕ್ರೆಡಿಟ್ ರೂಪದಲ್ಲಿ, ಅಂದರೆ ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಮೂಲಕ, ಹಿಂದಿರುಗಬಹುದಾದರೂ, ವಕೀಲರ ಕಚೇರಿಯಂಥ ಕಡೆ ಅದು ಸಾಮಾನ್ಯವಾಗಿ ಖರ್ಚಿನ ಬಾಬತ್ತಿಗೇ ಸೇರುತ್ತದೆ. ಆದ್ದರಿಂದ ಈ ಟಿಪ್ಪಣಿಯನ್ನು ಲೈನಿನಿಂದ ಆರಂಭಿಸಿದ್ದೇನೆ. ಉದಾಹರಣೆಗೆ ತಾಲ್ಲೂಕು ಕೇಂದ್ರವೊಂದರಲ್ಲಿ ಒಬ್ಬ ಹಿರಿಯ ವಕೀಲರು, ಇಬ್ಬರು ಕಿರಿಯರು ಮತ್ತು ಒಬ್ಬ ಗುಮಾಸ್ತರು ಇರುವ ಕಚೇರಿಯನ್ನು ಇಟ್ಟುಕೊಳ್ಳೋಣ.

ಎಷ್ಟು ಲೈನು ಬೇಕು ಎಂಬುದನ್ನು ಅಂದಾಜಿನ ಮೇಲೆ ಬಿಡಬೇಕಾಗಿಲ್ಲ. ಕೋಪನ್‌ಹೇಗನ್ ದೂರವಾಣಿ ಕಂಪನಿಯಲ್ಲಿದ್ದ ಡೆನ್ಮಾರ್ಕಿನ ಗಣಿತಜ್ಞ ಆಗ್ನರ್ ಕ್ರಾರುಪ್ ಎರ್ಲಾಂಗ್ ಅವರು 1917ರಲ್ಲಿ ಪ್ರಕಟಿಸಿದ ಸೂತ್ರ ಇಂದಿಗೂ ಈ ಕೆಲಸಕ್ಕೆ ಬಳಕೆಯಲ್ಲಿದೆ. ಇದಕ್ಕೆ ದಿನದ ಒಟ್ಟು ಕರೆಗಳನ್ನು ತೆಗೆದುಕೊಳ್ಳಬಾರದು. ಅತಿ ಹೆಚ್ಚು ಕರೆ ಬರುವ ಒಂದು ಗಂಟೆಯನ್ನು ಹಿಡಿಯಬೇಕು. ನಮ್ಮ ಉದಾಹರಣೆಯಲ್ಲಿ ಅದು ನ್ಯಾಯಾಲಯದ ಕಲಾಪಕ್ಕೆ ಮುಂಚಿನ ಗಂಟೆ. ಆಗ 12 ಕರೆ ಬಂದು, ಒಂದೊಂದೂ 3 ನಿಮಿಷ ನಡೆದರೆ ಒಟ್ಟು 36 ನಿಮಿಷ. 60ರಿಂದ ಭಾಗಿಸಿದರೆ 0.6. ಈ ಒತ್ತಡದ ಅಳತೆಗೆ ಅವರದೇ ಹೆಸರು, ಎರ್ಲಾಂಗ್: ಒಂದು ಲೈನು ಇಡೀ ಗಂಟೆ ಬಿಡುವಿಲ್ಲದೆ ನಡೆದರೆ 1 ಎರ್ಲಾಂಗ್. ಲೈನು ಒಂದೇ ಇದ್ದರೆ, 0.6ನ್ನು ಅದಕ್ಕೆ ಒಂದು ಕೂಡಿಸಿದ 1.6ರಿಂದ ಭಾಗಿಸಿದಾಗ ಸಿಗುವ ಶೇ 37.5ರಷ್ಟು ಕರೆಗಳಿಗೆ ಎಂಗೇಜ್ ಟೋನ್ ಕೇಳಿಸುತ್ತದೆ. ಎರಡನೆಯ ಲೈನು ಸೇರಿದೊಡನೆ ಅದು ಸುಮಾರು ಶೇ 10ಕ್ಕೆ, ಮೂರನೆಯದಕ್ಕೆ ಶೇ 2ಕ್ಕೆ ಇಳಿಯುತ್ತದೆ. ಎಂಗೇಜ್ ಸಿಕ್ಕವರು ಮತ್ತೆ ಮತ್ತೆ ಪ್ರಯತ್ನಿಸುವುದರಿಂದ ನಿಜವಾದ ಒತ್ತಡ ಇದಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ. ಒಂದರಿಂದ ಎರಡಕ್ಕೆ ಹೋದಾಗ ಸಿಗುವ ಲಾಭ ಎರಡರಿಂದ ಮೂರಕ್ಕೆ ಹೋದಾಗ ಸಿಗುವುದಿಲ್ಲ ಎಂಬುದನ್ನು ಗಮನಿಸಿ. ಇಂಥ ಕಚೇರಿಗೆ ಒಂದೇ ನಂಬರಿಗೆ ಬಂದ ಕರೆ ತಾನಾಗಿ ಇನ್ನೊಂದಕ್ಕೆ ಹೊರಳುವಂತೆ ಹಂಟಿಂಗ್ ಹಾಕಿಸಿದ ಎರಡು ಲೈನು ಸಾಕು ಎಂಬುದು ನನ್ನ ಅಭಿಪ್ರಾಯ.

ಇನ್ನು ಲೈನಿನ ಬಗೆ. ಹಳೆಯ ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ವಿದ್ಯುತ್ ಬರುವುದರಿಂದ ಊರಿನಲ್ಲಿ ಕರೆಂಟ್ ಹೋದರೂ ಸಾದಾ ಫೋನು ಕೆಲಸ ಮಾಡುತ್ತದೆ. ಫೈಬರಿನಲ್ಲಿ ಹಾಗಾಗದು, ಫೈಬರಿನಲ್ಲಿ ಬರುವ ಬೆಳಕನ್ನು ಫೋನಿನ ಸಂಕೇತವಾಗಿ ಬದಲಿಸುವ, ಗೋಡೆಯ ಮೇಲಿನ ಓಎನ್‌ಟಿ ಪೆಟ್ಟಿಗೆ ಆರಿದರೆ ಫೋನೂ ಆರುತ್ತದೆ, ಹೀಗಾಗಿ ಅದಕ್ಕೊಂದು ಪುಟ್ಟ 12 ವೋಲ್ಟಿನ ಯುಪಿಎಸ್ ಮೊದಲ ದಿನದಿಂದಲೇ ಬೇಕು. ಆದರೆ ಮಲೆನಾಡಿನಂಥ ಕಡೆ ಸಿಡಿಲಿನ ಆಘಾತ ತಾಮ್ರದ ತಂತಿಯ ಮೂಲಕ ಒಳಬಂದು ಮೋಡೆಮ್ಮು, ಫ್ಯಾಕ್ಸು ಎರಡನ್ನೂ ಸುಡುತ್ತದೆ. ಗಾಜಿನ ಎಳೆಯಾದ ಫೈಬರಿನಲ್ಲಿ ಆ ಭಯ ಬಹಳ ಕಡಿಮೆ. ಮೊಬೈಲ್ ಮಾತ್ರ ಸಾಲದೇ ಎಂದು ಕೇಳುವವರಿದ್ದಾರೆ. ಮಾತಿಗೆ ಸಾಕು. ಆದರೆ ಮೊಬೈಲ್ ನಂಬರು ಒಬ್ಬ ವ್ಯಕ್ತಿಗೆ ಅಂಟಿಕೊಳ್ಳುತ್ತದೆ. ಗುಮಾಸ್ತರು ಕೆಲಸ ಬಿಟ್ಟ ದಿನ ಕಕ್ಷಿದಾರರ ಕರೆಗಳೂ ಅವರ ಹಿಂದೆ ಹೋಗುತ್ತವೆ. ಲ್ಯಾಂಡ್‌ಲೈನ್ ನಂಬರಿನಲ್ಲಿಯೇ ವಾಟ್ಸ್‌ಆ್ಯಪ್ ಬಿಸಿನೆಸ್ ತೆರೆಯಬಹುದು: ದೃಢೀಕರಣಕ್ಕೆ ಸಂದೇಶದ ಬದಲು ಕರೆಯನ್ನು ಆರಿಸಿದರೆ ಸಂಖ್ಯೆಯನ್ನು ಫೋನಿನಲ್ಲೇ ಓದಿ ಹೇಳುತ್ತಾರೆ.

2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಯಾವ ಮೊಬೈಲಿಗೆ ಕರೆ ಮಾಡಿದರೂ ಮೊದಲು ಸೊನ್ನೆ ಒತ್ತಬೇಕು. ಹಳೆಯ ಇಂಟರ್‌ಕಾಮ್ ಪೆಟ್ಟಿಗೆಯಲ್ಲಿ ಹೊರ ಊರಿಗೆ ಕರೆ ಹೋಗದಂತೆ ಸೊನ್ನೆಗೆ ಎಸ್‌ಟಿಡಿ ತಡೆ ಹಾಕಿದ್ದರೆ ಅದನ್ನು ತೆಗೆಸಿ.

ಫ್ಯಾಕ್ಸ್ ಇಂದಿಗೂ ಬೇಕೇ ಎಂಬುದನ್ನು ನೀವು ವ್ಯವಹರಿಸುವ ಬ್ಯಾಂಕು, ವಿಮಾ ಕಂಪನಿ, ಸರ್ಕಾರಿ ಕಚೇರಿಗಳನ್ನು ಕೇಳಿಯೇ ತೀರ್ಮಾನಿಸಬೇಕು. ಬಹಳ ಕಡೆ ಸ್ಕ್ಯಾನ್ ಮಾಡಿದ ಪಿಡಿಎಫ್ ಈಗ ಸಾಕಾಗುತ್ತದೆ. ಬೇಕೆಂದಾದರೆ ಅದನ್ನು ಹಗುರವಾಗಿ ಕಾಣುವಂತಿಲ್ಲ. ಬೆಂಗಳೂರಿನ ರೇಷ್ಮೆ ರಫ್ತು ಸಂಸ್ಥೆಯೊಂದು ಚೆಕ್ ಅಮಾನ್ಯವಾದ ಬಗ್ಗೆ 1996ರ ಜೂನ್ 11ರಂದು ಫ್ಯಾಕ್ಸ್ ಮೂಲಕ ನೋಟಿಸು ಕಳುಹಿಸಿ, ಮರುದಿನ ಅದನ್ನೇ ರಿಜಿಸ್ಟರ್ಡ್ ಅಂಚೆಯಲ್ಲೂ ಹಾಕಿತ್ತು. ಅಂಚೆ ತಲುಪಿದ ದಿನದಿಂದ ಎಣಿಸಿದ್ದರೆ ದೂರು ಅವಧಿಯೊಳಗೇ ಇರುತ್ತಿತ್ತು. ಆದರೆ ಫ್ಯಾಕ್ಸ್ ನೋಟಿಸೂ ಲಿಖಿತ ನೋಟಿಸೇ, ದೂರು ಕೊಡುವ ಗಡುವಿನ ಎಣಿಕೆ ಅದು ತಲುಪಿದ ದಿನದಿಂದಲೇ ಆರಂಭವಾಗುತ್ತದೆ ಎಂದು 1999ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತದ್ದರಿಂದ ದೂರು ತಡವಾಯಿತೆಂದು ಬಿದ್ದುಹೋಯಿತು. ಯಂತ್ರದ ಗಡಿಯಾರ ಸರಿಯಿರಬೇಕು, ಪ್ರತಿ ಪುಟದ ತಲೆಯಲ್ಲಿ ನಿಮ್ಮ ನಂಬರು, ದಿನಾಂಕ, ಸಮಯ ಮುದ್ರಣವಾಗಬೇಕು, ಕಳುಹಿಸಿದ ವರದಿಯನ್ನು ಕಡತದಲ್ಲೇ ಇಡಬೇಕು ಎಂಬ ಸೂಚನೆಗಳ ತೂಕ ಇದರಿಂದ ತಿಳಿಯುತ್ತದೆ. ಶಾಖದ ಕಾಗದದಲ್ಲಿ ಬಂದದ್ದು ಕೆಲವೇ ವರ್ಷಗಳಲ್ಲಿ ಮಾಸುವುದರಿಂದ ಅಂದೇ ಜೆರಾಕ್ಸ್ ಮಾಡಿಸಬೇಕು. ಮಾಮೂಲಿ ಕಾಗದದ ಯಂತ್ರಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೆ ಈ ಕೆಲಸವೇ ಇರುವುದಿಲ್ಲ.

ಫ್ಯಾಕ್ಸ್ ಯಂತ್ರಗಳಲ್ಲಿ ಬಳಕೆಯಲ್ಲಿರುವ ಗ್ರೂಪ್ 3 ಮಾನದಂಡ 1980ರದ್ದು. ಅದು ಪುಟವನ್ನು ಅಡ್ಡಗೆರೆಗಳಾಗಿ ಸೀಳಿ, ಪ್ರತಿ ಗೆರೆಯನ್ನು 1,728 ಚುಕ್ಕೆಗಳಾಗಿ ಓದುತ್ತದೆ. ಮಾಮೂಲಿ ಕ್ರಮದಲ್ಲಿ ಮಿಲಿಮೀಟರಿಗೆ 3.85 ಗೆರೆಯಂತೆ ಎ4 ಪುಟಕ್ಕೆ ಸುಮಾರು 19.75 ಲಕ್ಷ ಚುಕ್ಕೆಗಳಾಗುತ್ತವೆ. ಸೆಕೆಂಡಿಗೆ 9,600 ಬಿಟ್ ವೇಗದಲ್ಲಿ ಹಾಗೆಯೇ ಕಳುಹಿಸಿದರೆ ಸುಮಾರು ಮೂರೂವರೆ ನಿಮಿಷ ಹಿಡಿಯುತ್ತಿತ್ತು. ಖಾಲಿ ಜಾಗವನ್ನು ಸಂಕ್ಷೇಪಿಸಿ ಕಳುಹಿಸುವುದರಿಂದ ಸಾಧಾರಣ ಪತ್ರ ಒಂದು ನಿಮಿಷದೊಳಗೆ ಹೋಗುತ್ತದೆ. ಕನ್ನಡದ ಕಾಗದಗಳಿಗೆ ಈ ಮಾಮೂಲಿ ಕ್ರಮ ಸಾಲದು: ಎರಡು ಮಿಲಿಮೀಟರ್ ಎತ್ತರದ ಒತ್ತಕ್ಷರಕ್ಕೆ ಏಳೆಂಟು ಗೆರೆ ಮಾತ್ರ ದಕ್ಕಿ, ‘ತ್ತ’ ಮತ್ತು ‘ತ್ರ’ ಒಂದೇ ಕಲೆಯಂತೆ ಕಾಣುತ್ತವೆ. ಗೆರೆಗಳನ್ನು ಇಮ್ಮಡಿಸುವ ಫೈನ್ ಕ್ರಮವನ್ನೇ ಖಾಯಂ ಆಗಿ ಇಟ್ಟುಕೊಳ್ಳಿ. ಹೆಚ್ಚುವ ಸಮಯವನ್ನು ಲೈನಿನ ಲೆಕ್ಕಕ್ಕೆ ಸೇರಿಸಿ. ಅದೇ ಗಂಟೆಯಲ್ಲಿ 10 ನಿಮಿಷದ ಫ್ಯಾಕ್ಸ್ ಸೇರಿದರೆ ನಮ್ಮ ಎರಡು ಲೈನುಗಳ ಎಂಗೇಜ್ ಪ್ರಮಾಣ ಶೇ 10ರಿಂದ ಶೇ 14ಕ್ಕೆ ಏರುತ್ತದೆ, ಹೀಗಾಗಿ ದೊಡ್ಡ ಕಟ್ಟುಗಳನ್ನು ಮಧ್ಯಾಹ್ನಕ್ಕೆ ಬಿಡುವುದು ಒಳ್ಳೆಯದು. ಕರೆಯೂ ಫ್ಯಾಕ್ಸೂ ಒಂದೇ ಲೈನಿಗೆ ಬರುವುದಾದರೆ, ಕಳುಹಿಸುವ ಯಂತ್ರ ಮೂರೂವರೆ ಸೆಕೆಂಡಿಗೊಮ್ಮೆ ಹೊರಡಿಸುವ 1,100 ಹರ್ಟ್ಸ್‌ನ ಕಿರುಧ್ವನಿಯನ್ನು ಗುರುತಿಸಿ ತಾನೇ ಬೇರ್ಪಡಿಸುವ ಸೌಲಭ್ಯ ಯಂತ್ರದಲ್ಲಿರಬೇಕು.

ಇಂಟರ್ನೆಟ್ ಮೂಲಕ ಹೋಗುವ ಲೈನಿನಲ್ಲಿ ಎಚ್ಚರ ಬೇಕು. ಮಾತನ್ನು ಸೆಕೆಂಡಿಗೆ 8 ಕಿಲೋಬಿಟ್‌ಗೆ ಕುಗ್ಗಿಸುವ ಜಿ.729 ಕ್ರಮದಲ್ಲಿ ದನಿ ಚೆನ್ನಾಗಿಯೇ ಕೇಳಿಸುತ್ತದೆ, ಫ್ಯಾಕ್ಸಿನ ಸ್ವರಗಳು ಮಾತ್ರ ಗುರುತು ಸಿಗದಂತೆ ಕೆಡುತ್ತವೆ. ಇಂಟರ್ನೆಟ್ಟಿನಲ್ಲಿ ಫ್ಯಾಕ್ಸ್ ಸಾಗಿಸಲೆಂದೇ ಇರುವ ಟಿ.38 ಕ್ರಮದ ಬೆಂಬಲ, ಅದಿಲ್ಲದಿದ್ದರೆ ಕನಿಷ್ಠ ದನಿಯನ್ನು ಹೀಗೆ ಕುಗ್ಗಿಸದ, 64 ಕಿಲೋಬಿಟ್‌ನ ಜಿ.711 ಇದೆಯೇ ಎಂದು ಸೇವೆ ಕೊಡುವವರಿಂದ ಬರವಣಿಗೆಯಲ್ಲಿ ಪಡೆಯಬೇಕು.

ಹಣ ಪಾವತಿಸುವ ಮುನ್ನ ಪರೀಕ್ಷೆ ಮಾಡಿ: ಒತ್ತಕ್ಷರ ದಟ್ಟವಾಗಿರುವ ಐದು ಪುಟಗಳ ಕನ್ನಡ ದಾಖಲೆಯನ್ನು, ಇನ್ನೊಂದು ಲೈನಿನಲ್ಲಿ ಮಾತು ನಡೆಯುತ್ತಿರುವಾಗಲೇ, ಫೈನ್ ಕ್ರಮದಲ್ಲಿ ಬೇರೆ ಊರಿನ ಯಂತ್ರಕ್ಕೆ ಕಳುಹಿಸಿ, ಅಲ್ಲಿಂದ ವಾಪಸು ತರಿಸಿಕೊಳ್ಳಿ. ಐದೂ ಪುಟ ಓದಲು ಬರುವಂತಿದ್ದು, ಮೇನ್ ಸ್ವಿಚ್ ಆರಿಸಿದ ಮೇಲೂ ಒಳಬರುವ ಕರೆ ರಿಂಗಾದರೆ ಬಿಲ್ಲಿಗೆ ಸಹಿ ಹಾಕಬಹುದು.